ರೂಟ್ ಆದ್ರೂ ಕರ್ನಲ್ ಯಾಕೆ ಮಾತು ಕೇಳುದಿಲ್ಲ?

ಪ್ರಶ್ನೆ: ನಮ್ಮ ಕ್ಲಬ್ಬಿನ ಲೈಬ್ರರಿಯಲ್ಲಿ ಉಬುಂಟು ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಉಂಟು. ವೈಫೈ ಡಾಂಗಲಿನ ಡ್ರೈವರ್ ಲೋಡ್ ಮಾಡ್ಲಿಕ್ಕೆ ಹೋದ್ರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತ ಬರ್ತದೆ, ಸುಡೊ (ರೂಟ್ ಆಗಿ ಕಮಾಂಡ್ ಕೊಡುವ ದಾರಿ) ಹಾಕಿಯೇ ಕೊಟ್ಟದ್ದು. ರೂಟ್‌ಗೆ, ಅಂದ್ರೆ ಮೆಷಿನಿನ ಮುಖ್ಯ ಬಳಕೆದಾರನಿಗೆ, ಎಲ್ಲಾ ಅಧಿಕಾರ ಉಂಟಲ್ವಾ? ಸೆಕ್ಯೂರ್ ಬೂಟ್ (ಮೆಷಿನ್ ಶುರುವಾಗುವಾಗ ಸಾಫ್ಟ್‌ವೇರಿನ ಡಿಜಿಟಲ್ ಸಹಿ ನೋಡುವ ಕಾವಲು) ಆಫ್ ಮಾಡಿ ಅಂತ ಒಬ್ರು ಹೇಳಿದ್ರು. ಸುಡೊ ಪಾಸ್‌ವರ್ಡ್ ನಾಲ್ಕೈದು ಜನಕ್ಕೆ ಗೊತ್ತುಂಟು.
– ಓದುಗ, ಬದಿಯಡ್ಕ

ಉತ್ತರ: ಆಫ್ ಮಾಡ್ಬೇಡಿ ಮಾರಾಯ್ರೆ. ನಿಮ್ಮ ಸ್ವಂತದ್ದಾದ್ರೆ ನಿಮ್ಮಿಷ್ಟ, ಇದು ಹತ್ತು ಜನ ಮುಟ್ಟುವ ಮೆಷಿನ್.

ಮೊದಲೆಲ್ಲ ರೂಟ್ ಆದ್ರೆ ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಕೈಯಲ್ಲಿದ್ದ ಹಾಗೆಯೇ, ಮೆಮೊರಿಗೆ ನೇರ ಬರಿಬಹುದಿತ್ತು, ಯಾವ ಮಾಡ್ಯೂಲ್ (ಡ್ರೈವರಿನ ಹಾಗೆ ಕರ್ನಲಿಗೆ ಸೇರುವ ತುಂಡು) ಬೇಕಾದ್ರೂ ತುರುಕ್ಬಹುದಿತ್ತು. ಆದ್ರೆ ಬೂಟ್ ಆಗುವಾಗ ಸಹಿ ನೋಡಿ ಒಳಗೆ ಬಿಟ್ಟ ಕರ್ನಲನ್ನು ಆಮೇಲೆ ರೂಟ್ ತಿದ್ದಬಹುದು ಅಂತಾದ್ರೆ ಆ ಸಹಿ ನೋಡಿ ಎಂತ ಪ್ರಯೋಜನ? ಅದಕ್ಕೇ 2019ರಲ್ಲಿ ಲಿನಕ್ಸ್ ಕರ್ನಲ್ 5.4ಕ್ಕೆ ಲಾಕ್‌ಡೌನ್, ಅಂದ್ರೆ ರೂಟ್ ಕರ್ನಲನ್ನು ತಿದ್ದದ ಹಾಗೆ ತಡೆಯುವ ಬೀಗ, ಬಂತು. ಸೆಕ್ಯೂರ್ ಬೂಟ್ ಆನ್ ಇದ್ರೆ ಉಬುಂಟು ಅದನ್ನು ತಾನಾಗಿಯೇ ಹಾಕ್ತದೆ, ಸಹಿ ಇಲ್ಲದ ಮಾಡ್ಯೂಲಿಗೆ ರೂಟ್ ಹೇಳಿದ್ರೂ ಬಾಗಿಲು ತೆಗಿಯುದಿಲ್ಲ. ಆದ್ರೆ ಫೈಲು, ಡೇಟಾ ಎಲ್ಲ ಈಗಲೂ ರೂಟಿನ ಕೈಯಲ್ಲೇ, ಅದನ್ನು ಇದು ಕಾಯುದಿಲ್ಲ.

ನಿಮ್ಮ ಡ್ರೈವರಿಗೆ ದಾರಿ ಎಂತ ಅಂದ್ರೆ, ಒಂದು ಜೋಡಿ ಕೀ ಮಾಡಿ, ಪ್ರೈವೇಟ್ ಕೀಯಿಂದ ಮಾಡ್ಯೂಲಿಗೆ ಸಹಿ ಹಾಕಿ, ಆ ಸಹಿಯನ್ನು ಪರೀಕ್ಷಿಸುವ ಪಬ್ಲಿಕ್ ಕೀಯನ್ನು ಮೋಕ್‌ಯುಟಿಲ್ ಕಮಾಂಡಿಂದ ಇಂಪೋರ್ಟ್ ಮಾಡಿ ರೀಸ್ಟಾರ್ಟ್ ಕೊಡಿ. ಆಗ ಒಂದು ನೀಲಿ ಸ್ಕ್ರೀನ್ ಬರ್ತದೆ, ಎನ್‌ರೋಲ್ ಮೋಕ್ (ಮೋಕ್ ಅಂದ್ರೆ ಮೆಷಿನಿನ ಓನರ್ ಸೇರಿಸುವ ಕೀ) ಅಂತ ಒತ್ತಿ ಇಂಪೋರ್ಟಿಗೆ ಇಟ್ಟ ಪಾಸ್‌ವರ್ಡ್ ಹಾಕ್ಬೇಕು, ಸುಮಾರು ಜನ ಇಲ್ಲಿ ಗಾಬರಿಯಾಗಿ ಕಂಟಿನ್ಯೂ ಒತ್ತಿ ಮತ್ತೆ ಶುರುವಿಂದ ಮಾಡ್ತಾರೆ. ದೂರದಿಂದ ಲಾಗಿನ್ ಆಗಿ ರೂಟ್ ಹಿಡಿದವನಿಗೆ ಈ ಸ್ಕ್ರೀನ್ ಸಿಗುದಿಲ್ಲ, ಎದುರು ಕೂತವನಿಗೆ ಮಾತ್ರ, ಜಾಣತನ ಇರುದೇ ಅಲ್ಲಿ.

ಆದ್ರೆ ನಿಮ್ಮಲ್ಲಿ ಒಂದು ತೊಂದರೆ ಉಂಟು. ಉಬುಂಟು ತಾನೇ ಮಾಡುವ ಕೀಯ ಪ್ರೈವೇಟ್ ಭಾಗ ಅದೇ ಡಿಸ್ಕಲ್ಲಿ ಇರ್ತದೆ, ರೂಟ್ ಆದವರೆಲ್ಲ ಓದ್ಬಹುದು, ಅಂದ್ರೆ ಪಾಸ್‌ವರ್ಡ್ ಗೊತ್ತಿದ್ದ ಯಾರು ಬೇಕಾದ್ರೂ ಯಾವ ಮಾಡ್ಯೂಲಿಗೆ ಬೇಕಾದ್ರೂ ಸಹಿ ಹಾಕ್ತಾರೆ, ಮತ್ತೆ ಈ ಕಾವಲಿಗೆ ಅರ್ಥವೇ ಇಲ್ಲ. ಹಾಗಾಗಿ ಕೀ ಮಾಡುದು, ಸಹಿ ಹಾಕುದು ಎಲ್ಲ ನಿಮ್ಮ ಮನೆಯ ಕಂಪ್ಯೂಟರಲ್ಲಿ ಮಾಡಿ, ಸಹಿಯಾದ ಡ್ರೈವರ್ ಮತ್ತು ಪಬ್ಲಿಕ್ ಕೀ ಮಾತ್ರ ಪೆನ್‌ಡ್ರೈವಲ್ಲಿ ತನ್ನಿ. ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಡ್ರೈವರನ್ನು ಪುನಃ ಕಂಪೈಲ್ ಮಾಡಿ ಸಹಿ ಹಾಕ್ಬೇಕಾಗ್ತದೆ, ರಗಳೆಯೇ. ಅದು ಬೇಡ ಅಂತಾದ್ರೆ ಕರ್ನಲಲ್ಲೇ ಡ್ರೈವರ್ ಇರುವ ಬೇರೆ ಡಾಂಗಲ್ ತಗೊಳ್ಳಿ, ನಾನಾದ್ರೆ ಅದನ್ನೇ ಮಾಡ್ತಿದ್ದೆ. ಸುಡೊ ಪಾಸ್‌ವರ್ಡನ್ನೂ ಇಬ್ಬರಿಗೆ ಇಳಿಸಿ.