ಚಳಿಗಾಲದಲ್ಲಿ ಶಿರಸಿಗೆ ಬರುವ ಹಿಮಾಲಯದ ಹಕ್ಕಿಗಳು
ಹಿಮಾಲಯದಲ್ಲಿ ಹಿಮ ಬೀಳುವಾಗ ಅಲ್ಲಿನ ಹಕ್ಕಿಗಳು ಶಿರಸಿ ಕಡೆ ಸಿಗುತ್ತವಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತವೆ. ಚಳಿಗೆ ಅಲ್ಲಿ ಹುಳಹುಪ್ಪಟೆ ಕಡಿಮೆ, ಹೊಟ್ಟೆಪಾಡಿಗೆ ಇಲ್ಲಿಗೆ ಬರುತ್ತವೆ.

ಮೊದಲು ನವರಂಗ ಹುಡುಕಿ. ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ ಮರಿ ಮಾಡುವ ಹಕ್ಕಿ. ಅಡಿಕೆ ತೋಟದ ಅಂಚಲ್ಲೋ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ನೆರಳಲ್ಲೋ ಸುಮ್ನೆ ಕೂತುಕೊಳ್ಳಿ. ಕೊಕ್ಕಿನಿಂದ ದರಕು, ಅಂದರೆ ಉದುರಿದ ಒಣ ಎಲೆ, ಸರಿಸಿ ಹುಳ ಹೆಕ್ಕುತ್ತದೆ, ಮೋಟು ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ. ಬಾಲದ ಬುಡದಲ್ಲಿ ಕಡುಕೆಂಪು ಕಂಡರೆ ಅದೇ. ಬೆಳಿಗ್ಗೆ, ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ದಯವಿಟ್ಟು ಆ ಸಿಳ್ಳೆಯನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ, ಪಾಪ, ಮೇಯುವ ಹೊತ್ತು ಹಾಳಾಗುತ್ತದೆ.

ಕಾರವಾರಕ್ಕೂ ಹೋಗುತ್ತೀರಾದರೆ ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕಂದುತಲೆ ಕಡಲಕ್ಕಿ ನೋಡಿ. ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ ಗೂಡು ಕಟ್ಟುವಂಥದ್ದು. ಚಳಿಗಾಲದಲ್ಲಿ ಮಾತ್ರ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಇರುತ್ತದೆ.