ಶ್ರೀಲಂಕಾ ಹೆಸರಲ್ಲಿ ಬರುವ ಮೆಣಸು

ಪ್ರಶ್ನೆ: ಕೊಡಗಿನಲ್ಲಿ ಎರಡು ಎಕರೆ ತೋಟ ಇದೆ. ಶ್ರೀಲಂಕಾ ಜೊತೆಗಿನ ಒಪ್ಪಂದದಿಂದಲೇ ಕಾಳುಮೆಣಸಿನ ಬೆಲೆ ಬಿತ್ತು ಅಂತಾರೆ. ಅದನ್ನು ರದ್ದು ಮಾಡಿದರೆ ಸಾಕಲ್ವಾ?

ಉತ್ತರ: ಪ್ರತಿ ಕೊಯ್ಲಿಗೂ ಈ ಪ್ರಶ್ನೆ ಬರುತ್ತದೆ, ಉತ್ತರಿಸಿ ಸಾಕಾಗಿದೆ. ಸಾಲದು ಸ್ವಾಮಿ. ಲೆಕ್ಕ ನೋಡಿ. ಮೆಣಸಿಗೆ ಮಾಮೂಲಿ ಆಮದು ಸುಂಕ ಶೇ 70. ವಿಯೆಟ್ನಾಂನಿಂದ ನೇರವಾಗಿ ಬಂದರೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದಲ್ಲೂ ಶೇ 50ರಷ್ಟು ಕಟ್ಟಬೇಕು. ಅದೇ ಮಾಲು ಶ್ರೀಲಂಕಾದ್ದು ಅನ್ನಿಸಿಕೊಂಡರೆ ಸಾಫ್ಟಾ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ) ಒಪ್ಪಂದದಡಿ ಬರೀ ಶೇ 8. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ವಿಯೆಟ್ನಾಂ ಮೆಣಸನ್ನು ಶ್ರೀಲಂಕಾದ್ದು ಅಂತ ತೋರಿಸಿ ತರುವ ಕಳ್ಳದಾರಿ ಹುಟ್ಟುವುದು ಇಲ್ಲೇ. ಚೀಲ ಬದಲಿಸಿದ ಮಾತ್ರಕ್ಕೆ ಮೆಣಸಿನ ಮೂಲ ದೇಶ ಬದಲಾಗದು ಅಂತ ನಿಯಮವಿದೆ. ಅದನ್ನು ಬಂದರಿನಲ್ಲಿ ಬಿಗಿಯಾಗಿ ನೋಡಬೇಕಷ್ಟೆ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ತರುವಂತಿಲ್ಲ. ಆದರೂ 2018ರಲ್ಲಿ ಇಲ್ಲಿನ ದರ 400ರ ಕೆಳಗಿಳಿಯಿತು. ಕಡಿಮೆ ಬೆಲೆಯ ಮಾಲಿಗೆ 500ರ ಬಿಲ್ ಹಾಕಿಸಿ ತರುತ್ತಾರೆ ಎಂಬ ದೂರು ಆಗಲೇ ಎದ್ದಿತ್ತು. ಇನ್ನೊಂದು ಕಡೆ ವಿಯೆಟ್ನಾಂ ತೋಟಗಳಲ್ಲಿ ಬೆಳೆ ಮಿತಿಮೀರಿ, ಜಗತ್ತಿನ ದರವೇ ಕುಸಿದಿತ್ತು. ಒಪ್ಪಂದ ಹರಿದು ಹಾಕಿದರೆ ಆ ಬೆಳೆ ಕಡಿಮೆ ಆಗುತ್ತಾ?

ನನಗೆ ಸಂಕಟ ಆಗುವುದು ಬೇರೆಯದಕ್ಕೆ. ದೊಡ್ಡ ಎಸ್ಟೇಟಿನವರು ಚೆನ್ನಾಗಿ ಒಣಗಿಸಿದ ಮೆಣಸನ್ನು ಗೋದಾಮಿನಲ್ಲಿಟ್ಟು ಎರಡು ವರ್ಷ ಬೇಕಾದರೂ ಕಾಯುತ್ತಾರೆ. ನಿಮಗೆ ಸೊಸೈಟಿ ಸಾಲ, ಆಳಿನ ಕೂಲಿ ಎಲ್ಲ ಒಟ್ಟಿಗೇ ಬರುತ್ತದೆ. ಆಮದು ಮಾಲು ತುಂಬಿದ ವಾರದಲ್ಲೇ ನೀವು ಮಾರಬೇಕು. ಹಾಗಾಗಿ ಸಾಲಕ್ಕೆ ಬೇಕಾದಷ್ಟನ್ನು ಮಾತ್ರ ಕೊಯ್ಲಿನಲ್ಲಿ ಮಾರಿ, ಉಳಿದದ್ದನ್ನು ಗರಿಗರಿ ಒಣಗಿಸಿ ಇಡಿ. ನಾನಾದರೆ ಪೂರ್ತಿ ಫಸಲನ್ನು ಒಂದೇ ದಿನ ಕೊಡುವುದಿಲ್ಲ, ಪೂರ್ತಿ ಇಟ್ಟುಕೊಳ್ಳುವುದೂ ಇಲ್ಲ. ಯಾವ ದೇಶದಿಂದ ಎಷ್ಟು ಮೆಣಸು ಬಂತು ಎಂಬುದು ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ 0904 ಎಂಬ ಸರಕು ಸಂಕೇತ ಸಂಖ್ಯೆಯಡಿ ಸಿಗುತ್ತದೆ. ಬೆಳೆಗಾರರ ಸಂಘದಲ್ಲಿ ಅದನ್ನು ಮುಂದಿಟ್ಟು, ಮೂಲ ದೇಶದ ಪತ್ರ ಯಾರು ಪರಿಶೀಲಿಸಿದರು ಅಂತ ಕೇಳಿ. 2020ರ ಸೆಪ್ಟೆಂಬರ್‌ನಿಂದ ಆ ಪುರಾವೆ ಇಟ್ಟುಕೊಳ್ಳುವ ಹೊಣೆ ಆಮದುದಾರನದ್ದೇ.

ಪ್ರಶ್ನೆ: ಮುಂದಿನ ತಿಂಗಳು ಮೆಣಸು ಸಾವಿರ ದಾಟುತ್ತೆ ಅಂತ ವಾಟ್ಸಾಪ್‌ನಲ್ಲಿ ಒಬ್ಬರು ಖಚಿತವಾಗಿ ಹೇಳುತ್ತಾರೆ. ನಂಬಲಾ?

ಉತ್ತರ: ಬೇಡ. ಸುಮ್ನೆ ನಂಬಿ ಸಾಲದ ಬಡ್ಡಿ ಬೆಳೆಸಬೇಡಿ.

ಪ್ರಶ್ನೆ: ಆರ್‌ಸಿಇಪಿ (ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಬಂದರೆ ಹಾಲಿನ ಗತಿ?

ಉತ್ತರ: ಭಾರತ 2019ರ ನವೆಂಬರ್‌ನಲ್ಲೇ ಅದರಿಂದ ಹೊರಬಂದಿದೆ. ಹಳೇ ಸಂದೇಶ ಹಂಚುವುದನ್ನು ದಯವಿಟ್ಟು ನಿಲ್ಲಿಸಿ.