ಮೊದಲು ಎತ್ತರ, ಆಮೇಲೆ ಅಲೈನ್‌ಮೆಂಟ್

ತೀರ್ಥಹಳ್ಳಿಯ ಸದಸ್ಯರಿಗೆ ನಮಸ್ಕಾರ. ನಿಮ್ಮ ಏಳು ಸೀಟಿನ ಎಸ್‌ಯುವಿಗೆ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ಹಾಕಿಸಿ ಮುಂಭಾಗವನ್ನು 40 ಮಿ.ಮೀ. ಏರಿಸಿದ ಮೇಲೆ ಮುಂದಿನ ಎರಡೂ ಟೈರುಗಳ ಹೊರ ಅಂಚು ಸವೆಯುತ್ತಿದೆ, ಎರಡು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡಿಸಿದರೂ ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ಅಲೈನ್‌ಮೆಂಟ್ ಯಂತ್ರವನ್ನು ದೂರುವ ಮೊದಲು ಗಾಡಿಯ ಎತ್ತರವನ್ನು ಪರೀಕ್ಷಿಸಿ.

ಸ್ಟ್ರಟ್ (ಚಕ್ರವನ್ನು ಹಿಡಿದಿರುವ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಇರುವ ಗಾಡಿಯನ್ನು ಏರಿಸಿದಾಗ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ತೋಳು, ಕೆಳಮುಖವಾಗಿ ವಾಲುತ್ತದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಪಾಸಿಟಿವ್ ಕಡೆಗೆ, ಅಂದರೆ ಚಕ್ರದ ಮೇಲ್ಭಾಗ ಹೊರಕ್ಕೆ ವಾಲುವಂತೆ ಸರಿಯುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಕೂಡ ಬದಲಾಗುತ್ತದೆ. ಹೊರ ಅಂಚು ಸವೆಯುವುದಕ್ಕೆ ಸಾಮಾನ್ಯವಾಗಿ ಇವೇ ಕಾರಣ. ಎತ್ತರ ಬದಲಾದಾಗಲೆಲ್ಲ ಈ ಕೋನಗಳೂ ಬದಲಾಗುವುದರಿಂದ, ಎತ್ತರ ಸ್ಥಿರವಾಗುವ ಮೊದಲು ಮಾಡಿಸಿದ ಅಲೈನ್‌ಮೆಂಟ್ ಉಳಿಯುವುದಿಲ್ಲ.

ಅಳತೆಯನ್ನು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ತೆಗೆದುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಅನೇಕರು ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳದಲ್ಲೇ ಅಳೆಯುತ್ತಾರೆ. ಅದು ಸಮತಟ್ಟಾಗಿ ಕಂಡರೂ ಮಳೆನೀರು ಹರಿಯಲು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಒಮ್ಮೆ ಅಳೆದು, ಗಾಡಿಯನ್ನು ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆದು, ಸರಾಸರಿ ತೆಗೆಯಿರಿ. ಜಾಕ್ ಇಳಿಸಿದ ಕೂಡಲೇ ಅಳೆಯಬೇಡಿ. ಟೈರು ನೆಲವನ್ನು ಹಿಡಿದುಕೊಂಡಿರುವುದರಿಂದ ಗಾಡಿ ಪೂರ್ತಿ ಕೂತಿರುವುದಿಲ್ಲ, ಕೆಲವು ಮೀಟರ್ ಹಿಂದೆ ಮುಂದೆ ಓಡಿಸಬೇಕು. ಟ್ಯಾಂಕಿನಲ್ಲಿ ಅರ್ಧ ಇಂಧನವಿರಲಿ. ಮನೆಮಂದಿಯೆಲ್ಲ ಸಾಮಾನುಗಳೊಂದಿಗೆ ಹತ್ತಿದಾಗ ಹಿಂಭಾಗ ಎಷ್ಟು ಇಳಿಯುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಮಲೆನಾಡಿನ ರಸ್ತೆಗೆ ಎತ್ತರಕ್ಕಿಂತ ಮುಖ್ಯವಾದದ್ದು ಚಕ್ರಕ್ಕೆ ಕೆಳಗಿಳಿಯಲು ಉಳಿದಿರುವ ಜಾಗ. ಸ್ಪ್ರಿಂಗ್ ಕೂರುವ ರಿಂಗನ್ನು ಮೇಲಕ್ಕೆ ತಿರುಗಿಸಿ ಏರಿಸುವ ಮಾದರಿಯಲ್ಲಿ ಶಾಕ್ ಅಬ್ಸಾರ್ಬರ್ ಮೊದಲೇ ಅಷ್ಟು ಚಾಚಿರುತ್ತದೆ. ಮಳೆಗಾಲದ ಗುಂಡಿಗೆ ಚಕ್ರ ಬಿದ್ದಾಗ ಅದು ತುದಿ ಮುಟ್ಟಿ ಬಡಿಯುತ್ತದೆ. ನಿಂತ ಸ್ಥಿತಿಯಲ್ಲಿ ಒಮ್ಮೆ, ಜಾಕ್ ಹಾಕಿ ಚಕ್ರ ನೆಲ ಬಿಟ್ಟ ಮೇಲೆ ಇನ್ನೊಮ್ಮೆ ಅಳೆದರೆ ಎಷ್ಟು ಜಾಗ ಉಳಿದಿದೆ ಎಂಬುದು ತಿಳಿಯುತ್ತದೆ. ನಾನಾಗಿದ್ದರೆ 40ರ ಬದಲು 25 ಮಿ.ಮೀ.ಗೆ ಇಳಿಸುತ್ತಿದ್ದೆ. ಡ್ರೈವ್ ಶಾಫ್ಟಿನ ಕೋನಕ್ಕೂ ಬ್ರೇಕ್ ಹೋಸಿಗೂ ಅದು ಒಳ್ಳೆಯದು, ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ತುಂಬಿದ ಗಾಡಿ ವಾಲುವುದೂ ಕಡಿಮೆಯಾಗುತ್ತದೆ.

ಎತ್ತರ ನಿಗದಿಯಾದ ಮೇಲೆ ಲೋವರ್ ಆರ್ಮಿನ ಬುಷ್ (ರಬ್ಬರ್ ಕೀಲು) ಬೋಲ್ಟುಗಳನ್ನು ಸಡಿಲಿಸಿ, ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ ಟಾರ್ಕ್ ರೆಂಚಿನಿಂದ ಬಿಗಿಸಬೇಕು. ಚಕ್ರ ಜೋತಾಡುವಾಗ ಬಿಗಿಸಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಕೆಲಸ ಇದೇ, ದಯವಿಟ್ಟು ಎದುರಿಗೆ ನಿಂತು ಮಾಡಿಸಿ.

ಅಲೈನ್‌ಮೆಂಟಿನಲ್ಲಿ ಕ್ಯಾಂಬರ್ ಮೊದಲು, ಟೋ ಕೊನೆಗೆ, ಏಕೆಂದರೆ ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ. ಕಂಪನಿಯ ಬೋಲ್ಟಿನಲ್ಲಿ ಕ್ಯಾಂಬರ್ ಹೊಂದಿಕೆಗೆ ಅವಕಾಶವಿಲ್ಲದಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಿಸಬೇಕಾಗುತ್ತದೆ. ಟೋ ಹೊಂದಿಸುವಾಗ ಸ್ಟೀರಿಂಗನ್ನು ನೇರವಾಗಿ ಲಾಕ್ ಮಾಡಿ ಎರಡೂ ಟೈ ರಾಡುಗಳನ್ನು (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿಗಳು) ಹೊಂದಿಸಬೇಕು. ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ಮುಂದಿನ ಟೈರುಗಳನ್ನು ಅದಲು ಬದಲು ಮಾಡಿ ನೋಡಿ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದ್ದು. ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇದ್ದರೆ ಸ್ಟೀರಿಂಗ್ ಸೆನ್ಸಾರನ್ನು ಸ್ಕ್ಯಾನರಿನಲ್ಲಿ ಶೂನ್ಯಕ್ಕೆ ತರಿಸಿ. ಹೆಡ್‌ಲೈಟಿನ ಬೆಳಕನ್ನೂ ತಗ್ಗಿಸಬೇಕು.

ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಹಾಗಾಗಿ 1000 ಕಿ.ಮೀ. ಓಡಿದ ಮೇಲೆ ಎತ್ತರ, ಟೋ ಎರಡನ್ನೂ ಮರುಪರೀಕ್ಷಿಸಿ. ಹಿಂದಿನ ಎರಡು ಅಲೈನ್‌ಮೆಂಟಿನ ಪ್ರಿಂಟ್ ನಿಮ್ಮಲ್ಲಿದ್ದರೆ ಫೋಟೊ ಹಾಕಿ. ಎಡ ಬಲದ ಕ್ಯಾಸ್ಟರಿನಲ್ಲಿ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ದೊಡ್ಡ ವ್ಯತ್ಯಾಸವಿದ್ದರೆ ಆರ್ಮ್ ಬಾಗಿರುವ ಸಾಧ್ಯತೆಯಿದೆ; ಹಾಗಿದ್ದರೆ ಮೇಲಿನ ಕೆಲಸಕ್ಕೆ ಹಣ ಹಾಕುವ ಮೊದಲು ಅದನ್ನೇ ಸರಿಪಡಿಸಬೇಕಾಗುತ್ತದೆ.